ಒಳಗೂಗು

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ: ಈ ಸೀಮೆಯಲ್ಲಿ ನಡೆದದ್ದು ಎಂದಷ್ಟೇ ಹೇಳುತ್ತೇನೆ. ಊರಿನ ಹೆಸರು ಹೇಳಿದರೆ ಆ ಊರಿನವರು ಜಗಳಕ್ಕೆ ಬರುತ್ತಾರೆ. ಉಳಿದ ಮೂರು ಊರಿನವರು ನಮ್ಮನ್ನೇಕೆ ಬಿಟ್ಟಿರಿ ಎಂದು ಬರುತ್ತಾರೆ. ಜನರ ಹೆಸರನ್ನೂ ಹೇಳುವುದಿಲ್ಲ. ಒಂದು ಹೆಸರು ಕೂಗಿಯೇ ನನಗೆ ಇಷ್ಟೆಲ್ಲ ಆಗಿದೆ.

ಆಗ ನಾನು ಆ ಊರಿನ ಕೋರ್ಟಿನ ದಲಾಯತ. ಸಾಹೇಬರು ಪೀಠದ ಮೇಲೆ ಕೂತಿರುವಷ್ಟು ಹೊತ್ತೂ ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದು ನನ್ನ ಉದ್ಯೋಗ. ಬಿಳಿ ಅಂಗಿ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ, ಪಟ್ಟಿಯ ನಡುವೆ ಒಂದು ಹಿತ್ತಾಳೆಯ ಬಿಲ್ಲೆ. ದೇಶದ ಸಂವಿಧಾನವೆಲ್ಲ ಆ ಬಿಲ್ಲೆಗೆ ಜೋತುಬಿದ್ದು ನಿಂತಿದೆ ಎಂದು ಮೊದಲ ವಾರ ನಂಬಿದ್ದೆ. ನನಗಿಂತ ಮೊದಲಿದ್ದವರು ನಿವೃತ್ತರಾಗಿ ಶಾಲು ಹೊದ್ದು ಮನೆಗೆ ಹೋದಾಗ, ರೆಕಾರ್ಡ್ ರೂಮಿನಲ್ಲಿ ಧೂಳು ತಿನ್ನುತ್ತಿದ್ದ ನನ್ನನ್ನು ಎಳೆದು ಅಲ್ಲಿ ನಿಲ್ಲಿಸಿದ್ದಕ್ಕೆ ಒಂದೇ ಅರ್ಹತೆ: ನಮ್ಮೂರ ದೊಡ್ಡಾಟದಲ್ಲಿ ನಾನು ರಾಕ್ಷಸನ ಪಾತ್ರ ಮಾಡುತ್ತಿದ್ದೆ. ನ್ಯಾಯದೇವತೆಗೆ ಕಣ್ಣು ಕಟ್ಟಿರುವುದನ್ನು ಎಲ್ಲರೂ ನೋಡಿದ್ದಾರೆ. ಆಕೆಯ ಗಂಟಲು ರಾಕ್ಷಸನದು ಎಂಬುದು ನಮ್ಮ ಆಫೀಸಿಗೆ ಮಾತ್ರ ಗೊತ್ತಿದ್ದ ಸಂಗತಿ.

ಕೂಗುವುದಕ್ಕೂ ಶಾಸ್ತ್ರವಿದೆ. ಮೂರು ಸಲ ಕೂಗಬೇಕು. ಮೊದಲನೆಯದು ವರಾಂಡದ ಜನಕ್ಕೆ. ಎರಡನೆಯದು ಅಂಗಳದ ಬೇವಿನ ಗಿಡದ ಕಡೆಗೆ. ಊಟದ ಗಂಟು ಇಟ್ಟುಕೊಂಡು ಕೂತಿರುವ ಹೆಂಗಸರು, ಮುದುಕರು ಅಲ್ಲಿರುತ್ತಾರೆ. ಮೂರನೆಯದು ಗೇಟಿನಾಚೆಯ ಚಹದಂಗಡಿಗೆ ಮುಟ್ಟಬೇಕು. ಗಾಳಿ ಎದುರಾಗಿದ್ದರೆ ಹೆಸರಿನ ಕೊನೆಯನ್ನು ಎಳೆಯಬೇಕು. ಪಕ್ಕದ ಹಿಟ್ಟಿನ ಗಿರಣಿ ಓಡುತ್ತಿದ್ದರೆ ಅದು ಉಸಿರು ಬಿಡುವವರೆಗೆ ಕಾಯಬೇಕು. ಹಿಂದೊಮ್ಮೆ ನಮ್ಮ ಹಿರಿಯರೊಬ್ಬರು ಯಾರದೋ ಹೆಸರಿಗೆ ‘ಧಣ್ಯಾರು’ ಎಂದು ಸೇರಿಸಿ ಕೂಗಿದ್ದರಂತೆ. ಎದುರು ವಕೀಲರು ತಕರಾರು ತೆಗೆದು, ಅಂದಿನಿಂದ ಕೇಸಿನ ಪಟ್ಟಿಯಲ್ಲಿದ್ದಷ್ಟೇ ಹೆಸರು ಕೂಗಬೇಕು, ಒಂದಕ್ಷರ ಹೆಚ್ಚಿಲ್ಲ ಎಂದು ಕಟ್ಟಪ್ಪಣೆಯಾಗಿದೆ. ಮೂರು ಕೂಗಿಗೂ ವಾದಿ ಬರದಿದ್ದರೆ, ಅವರ ವಕೀಲರೂ ಇಲ್ಲದಿದ್ದರೆ, ಬೆಂಚ್ ಕ್ಲರ್ಕ್ ‘ಕೂಗಲಾಗಿ ಗೈರು’ ಎಂದು ಬರೆಯುತ್ತಾನೆ, ಸಾಹೇಬರು ದಾವೆಯನ್ನು ವಜಾ ಮಾಡುತ್ತಾರೆ. ಕೋರ್ಟಿನ ಬಾಗಿಲಿಗೆ ಹಳೇ ಕಾಲದ ಎತ್ತರದ ಕಲ್ಲಿನ ಹೊಸ್ತಿಲಿದೆ. ಹೆಸರು ಕೇಳಿ ಓಡಿಬಂದವರು ಅದಕ್ಕೆ ಎಡವಿ, ನ್ಯಾಯದ ಮುಂದೆ ಅರ್ಧ ಸಾಷ್ಟಾಂಗ ಹಾಕಿಯೇ ಒಳಗೆ ಬರುವುದು ವಾಡಿಕೆ.

ಈ ಶಾಸ್ತ್ರಕ್ಕೆ ಒಂದು ಉಪಶಾಸ್ತ್ರವಿದೆ ಎಂದು ಆಮೇಲೆ ತಿಳಿಯಿತು. ಅದರ ಹೆಸರು ಒಳಗೂಗು. ದಲಾಯತ ಬಾಗಿಲಲ್ಲೇ ನಿಂತು, ಬೆನ್ನನ್ನು ಅಂಗಳಕ್ಕೆ ಕೊಟ್ಟು, ಮುಖವನ್ನು ಕೋರ್ಟಿನ ಒಳಕ್ಕೆ ತಿರುಗಿಸಿ, ಮೂರು ಸಲ ಗೌರವದಿಂದ ಹೆಸರು ಹೇಳುತ್ತಾನೆ. ಸಾಹೇಬರಿಗೆ ಕೇಳುತ್ತದೆ. ಕ್ಲರ್ಕನಿಗೆ ಕೇಳುತ್ತದೆ. ಬೇವಿನ ಗಿಡಕ್ಕೆ ಕೇಳುವುದಿಲ್ಲ. ಎಲ್ಲೂ ನಿಯಮ ತಪ್ಪಿರುವುದಿಲ್ಲ. ನನ್ನ ಹಿಂದಿನವರು ಇದರಲ್ಲಿ ನಿಷ್ಣಾತರಾಗಿದ್ದರಂತೆ. ನನಗೆ ಆ ಅವಕಾಶ ಬಂದದ್ದು ಕೆಲಸಕ್ಕೆ ನಿಂತ ಮೇಲೆ ಬಂದ ಮೊದಲ ಬೇಸಿಗೆಯಲ್ಲಿ.

ಕ್ಯಾಂಟೀನಿನಲ್ಲಿ ಬೆಂಚ್ ಕ್ಲರ್ಕ್ ನನ್ನ ಪಕ್ಕ ಬಂದು ಕೂತ. ವಯಸ್ಸಿನಲ್ಲಿ ನನಗಿಂತ ಚಿಕ್ಕವ, ಕಾಕಾ ಎಂದೇ ಕರೆಯುತ್ತಿದ್ದ. ಆ ಊರಿನ ಹಿರಿಯ ವಕೀಲರೊಬ್ಬರ ಕೇಸುಗಳು ಅವರ ಚಹ ಮುಗಿದ ಮೇಲೆಯೇ ಪಟ್ಟಿಯಲ್ಲಿ ಏಳುವಂತೆ ನೋಡಿಕೊಳ್ಳುವುದು ಅವನ ಕೆಲಸಗಳಲ್ಲಿ ಮುಖ್ಯವಾದದ್ದು.

“ಕಾಕಾ, ನಾಳೆ ಒಂದು ಒಳಗೂಗು ಐತಿ ನೋಡ್ರಿ.”

“ಯಾರದು?”

“ತಾಂಬಾ ಊರಿಗೆ ಕೊಟ್ಟ ಹೆಣ್ಮಗಳದು. ತಮ್ಮನ ಮ್ಯಾಲ ಪಾಲಿನ ಕೇಸು ಹಾಕ್ಯಾಳಲ್ಲ, ಅದು.”

“ಆಕಿ ವಕೀಲ್ರು ಇರ್ತಾರಲ್ಲಪಾ?”

“ಅವರಿಗೆ ನಾಳೆ ವಿಜಯಪುರದಾಗ ಕೆಲಸ ಐತಿ,” ಎಂದು ಬಸಿಯಲ್ಲಿದ್ದ ಚಹ ಹೀರಿದ. “ಐತಿ ಅಂದ್ರ ಐತಿ.”

ಕೇಸು ನನಗೆ ಗೊತ್ತಿತ್ತು. ಆಕೆಯ ತಮ್ಮ ದೊಡ್ಡ ಗುತ್ತಿಗೆದಾರ. ಹಿರಿಯ ವಕೀಲರ ಕಕ್ಷಿದಾರ. ಅಪ್ಪನ ಹೊಲವನ್ನು ಅಕ್ಕನಿಗೆ ಪಾಲು ಕೊಡದೆ ಪೂರ್ತಿ ಮಾರಲು ಹೊರಟಿದ್ದ. ಮಾರಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತ್ತು. ದಾವೆ ವಜಾ ಆದರೆ ತಡೆಯಾಜ್ಞೆಯೂ ಅದರ ಜೊತೆಗೇ ಬೀಳುತ್ತದೆ. ನಮ್ಮ ಕಂಪೌಂಡಿನ ಆಚೆಯೇ ನೋಂದಣಿ ಕಚೇರಿ. ಮುಂಜಾನೆ ವಜಾ ಆದರೆ ಮಧ್ಯಾಹ್ನ ಖರೀದಿ ಪತ್ರಕ್ಕೆ ಹೆಬ್ಬೆಟ್ಟು. ಆಮೇಲೆ ಆಕೆ ಕೇಸನ್ನು ಮತ್ತೆ ಎಬ್ಬಿಸಬಹುದು. ಹೊಲ ಮಾತ್ರ ಅಷ್ಟರಲ್ಲಿ ಕೈ ದಾಟಿ, ಪ್ಲಾಟು ಬಿದ್ದು, ಊರೂರಿನವರ ಹೆಸರಿನಲ್ಲಿ ಹಂಚಿಹೋಗಿರುತ್ತದೆ.

“ಸಾಹೇಬ್ರಿಗೆ ಗೊತ್ತೈತೇನು?” ಎಂದೆ.

ಕ್ಲರ್ಕ್ ತಲೆಯೆತ್ತಿ ಫ್ಯಾನು ನೋಡಿದ. “ಕಾಕಾ, ಕೂಗೂದು ನಿಮ್ಮ ಕೆಲಸ. ಅಷ್ಟ ಮಾಡ್ರಿ.”

ನನ್ನ ಹೆದರಿಕೆ ಅಲ್ಲಿಂದ ಶುರುವಾಯಿತು. ಇಲ್ಲ ಎಂದಿದ್ದರೆ ಸಾಹೇಬರ ಹತ್ತಿರ ಹೋಗಬಹುದಿತ್ತು. ಹೌದು ಎಂದಿದ್ದರೆ ಸುಮ್ಮನಿರಬಹುದಿತ್ತು. ಫ್ಯಾನು ನೋಡುವವನ ಮುಂದೆ ಏನು ಮಾಡುವುದು? ಇದು ಎಷ್ಟು ಎತ್ತರಕ್ಕೆ ಹೋಗಿ ಮುಟ್ಟಿದೆಯೋ ತಿಳಿಯದೆ, ಆ ಗಳಿಗೆಯಿಂದ ಶಿರಸ್ತೇದಾರರು ಕೆಮ್ಮಿದರೂ ನನಗೇ ಸೂಚನೆ ಕೊಟ್ಟಂತೆ ಕೇಳತೊಡಗಿತು.

ಸಂಜೆ ಸೈಕಲ್ ತಗೊಂಡು ಹೊರಟಾಗ ಗೇಟಿನ ಹತ್ತಿರ ಮೋಟರ್ ಸೈಕಲ್ ಮೇಲೆ ಒಬ್ಬ ಕೂತಿದ್ದ. ಗುತ್ತಿಗೆದಾರನ ಕೆಲಸ ನೋಡಿಕೊಳ್ಳುವವ. ನನ್ನನ್ನು ನೋಡಿ ಇಳಿದು ಕೈಮುಗಿದ.

“ಮಾವಾರ, ಆರಾಮ್ರೀ? ನಿಮ್ಮ ಮಗಳು ಭಾಳ ಶ್ಯಾಣ್ಯಾ ಅದಾಳಂತಲ್ರಿ.”

“ಹೂಂನಪಾ.”

“ಸಂಜಿ ಬಸ್ಸಿಗೆ ಬಂದು ಸರ್ಕಲ್‌ದಾಗ ಇಳಿತಾಳ. ಅಲ್ಲಿಂದ ನಡಕೊಂತ ಬರ್ತಾಳ. ಆ ಹಾದಿ ಸುಮಾರ ಐತ್ರಿ. ಜ್ವಾಕಿ ಇರ್ಲಿ.”

ಅಷ್ಟೇ. ಮತ್ತೆ ಕೈಮುಗಿದು ಹೋದ. ಬೈದಿದ್ದರೆ ಬೈದ ಎಂದು ಯಾರಿಗಾದರೂ ಹೇಳಬಹುದಿತ್ತು. ಮಗಳ ಬಗ್ಗೆ ಕಾಳಜಿ ತೋರಿದ ಎಂದು ಪೊಲೀಸರಿಗೆ ದೂರು ಕೊಡಲು ಬರುವುದಿಲ್ಲ. ಸೈಕಲ್ ಹತ್ತದೆ ತಳ್ಳಿಕೊಂಡೇ ಮನೆಗೆ ಹೋದೆ.

ಹೆಂಡತಿಗೆ ಎಲ್ಲ ಹೇಳಿದೆ. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು.

“ಗಂಟಲ ಕುಂತೈತಿ ಅಂತ ರಜಾ ಬರದು ಕೊಡ್ರಿ.”

“ಬದಲಿಯವ ಒಳಗೂಗು ಮಾಡ್ತಾನ.”

“ಮಾಡ್ಲಿ. ಅಂವ ಮಾಡಿದ್ದು ಅಂವಗ.”

“ಹೊಲ ಹೋಗೂದು ಹೋಗತೈತಲ್ಲ.”

“ಹಂಗಾರ ಹೊರಗ ಕೂಗ್ರಿ.”

“ಮಗಳು?”

ರೊಟ್ಟಿಯ ಸಪ್ಪಳ ಆಗ ನಿಂತಿತು. “ಮತ್ತ ನನ್ನ ಯಾಕ ಕೇಳ್ತೀರಿ? ಕೆಂಪ ಪಟ್ಟಿ ಹಾಕ್ಕೊಳ್ಳವ್ರು ನೀವು,” ಎಂದಳು.

ರಜೆ ಅರ್ಜಿ ಬರೆದು ಕಿಸೆಯಲ್ಲಿಟ್ಟುಕೊಂಡೆ. ಮರುದಿನ ಮನೆಯಲ್ಲೇ ಇರು ಎಂದರೆ ಮಗಳು ಪರೀಕ್ಷೆ ಇದೆ ಎಂದು ಹಟ ಹಿಡಿದಳು. ಹೆಂಡತಿ ಆಕೆಯ ಜೊತೆಗೇ ಬಸ್ ಹತ್ತಿ ಕಾಲೇಜಿಗೆ ಹೋದಳು. ನಾನು ಕೋರ್ಟಿಗೆ ಹೋದೆ. ಧೈರ್ಯದಿಂದ ಹೋದೆ ಎಂದು ಯಾರೂ ತಿಳಿಯಬಾರದು. ಒಳಗೂಗನ್ನೇ ಮಾಡಿ, ಸಂಬಳ ತಗೊಂಡು, ಬಾಯಿ ಮುಚ್ಚಿಕೊಂಡಿರುವುದೆಂದು ದಾರಿಯಲ್ಲೇ ನಿರ್ಧರಿಸಿದ್ದೆ. ಅರ್ಜಿಯನ್ನು ಕಿಸೆಯಲ್ಲಿ ಉಳಿಸಿಕೊಂಡದ್ದು ಆ ನಿರ್ಧಾರವೂ ಕೈಕೊಟ್ಟರೆ ಇರಲಿ ಎಂದು.

ಬಾಗಿಲು ತೆರೆಯುವ ಮೊದಲೇ ಆಕೆ ಬಂದಿದ್ದಳು. ಇಳಕಲ್ ಸೀರೆ, ಕೈಯಲ್ಲಿ ಬುತ್ತಿಯ ಗಂಟು. ನನ್ನ ಕೆಂಪು ಪಟ್ಟಿ ನೋಡಿ ದೊಡ್ಡ ಅಧಿಕಾರಿ ಎಂದುಕೊಂಡು ನೇರ ನನ್ನ ಹತ್ತಿರವೇ ಬಂದಳು.

“ಯಣ್ಣಾ, ನನ್ನ ಹೆಸರು ಐತೇನು ನೋಡ.”

ಒಂದು ಹೆಸರು ಹೇಳಿದಳು. ಪಟ್ಟಿಯಲ್ಲಿ ಮೇಲಿನಿಂದ ಕೆಳಗೆ ಹುಡುಕಿದೆ. ಅಂಥ ಹೆಸರೇ ಇಲ್ಲ. ತಾಂಬಾದ ಪಾಲಿನ ಕೇಸು ಎಂದ ಮೇಲೆ ತಿಳಿಯಿತು. ನಮ್ಮ ಕಡೆ ಮದುವೆಯಲ್ಲಿ ಹೆಣ್ಣಿಗೆ ಗಂಡನ ಮನೆಯವರು ಹೊಸ ಹೆಸರಿಡುತ್ತಾರೆ. ಆಕೆ ಹೇಳಿದ್ದು ತಾಂಬಾದ ಹೆಸರು. ಅಪ್ಪನ ಹೊಲದ ಕಾಗದಗಳಲ್ಲಿ, ಹಾಗಾಗಿ ದಾವೆಯಲ್ಲಿ, ಇದ್ದದ್ದು ತವರಿನ ಹೆಸರು.

“ತವರಮನ್ಯಾಗ ಏನಂತ ಕರೀತಿದ್ರಬೇ?”

ಆಕೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ, ಬೇರೆ ಯಾರದೋ ಹೆಸರು ಹೇಳುವಂತೆ ಆ ಹೆಸರು ಹೇಳಿದಳು. “ನಮ್ಮವ್ವ ಸತ್ತ ಮ್ಯಾಲ ಹಂಗ ಯಾರೂ ಕರದಿಲ್ಲ ನೋಡ. ತಮ್ಮ ಅಂತೂ ಅಕ್ಕಾ ಅಂತಿದ್ದ. ಈಗ ಅದೂ ಇಲ್ಲ. ನಮ್ಮ ವಕೀಲ್ರು, ನಾ ಬಂದು ಕರಿತೀನಿ, ಅಲ್ಲೀತನ ಗಿಡದ ಬುಡಕ ಕುಂತಿರು, ಯಾರ ಕರದ್ರೂ ಏಳಬ್ಯಾಡ ಅಂದಾರ.”

ಆ ಹೆಸರು ಕೂಗಿದಾಗ ಏಳಬೇಕು ಎಂಬ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬಾಯಿಯವರೆಗೂ ಬಂದಿತ್ತು. ಕಿಟಕಿಯಲ್ಲಿ ಬೆಂಚ್ ಕ್ಲರ್ಕ್ ನಿಂತು ಕಿವಿಗೆ ಕಡ್ಡಿ ಹಾಕಿಕೊಳ್ಳುತ್ತ ನಮ್ಮಿಬ್ಬರನ್ನೇ ನೋಡುತ್ತಿದ್ದ. “ಹೋಗಿ ಕೂಡ್ರಬೇ,” ಎಂದೆ. ಆಕೆ ಹೋಗಿ ಬೇವಿನ ಗಿಡದ ಕೆಳಗೆ ಕೂತಳು.

ಸಾಹೇಬರು ಬಂದರು. ಮೈಸೂರು ಕಡೆಯವರು, ಮಾತು ಕಡಿಮೆ; ನಮ್ಮ ಭಾಷೆಯನ್ನು ಇನ್ನೂ ವಾಯಿದೆಯ ಮೇಲೆ ಅರ್ಥ ಮಾಡಿಕೊಳ್ಳುತ್ತಿದ್ದವರು. ಹಿರಿಯ ವಕೀಲರು ಮುಂದಿನ ಸಾಲಿನಲ್ಲಿ, ಅವರ ಹಿಂದೆ ಆಕೆಯ ತಮ್ಮ ಗುತ್ತಿಗೆದಾರ ಬಿಳಿ ಅಂಗಿ ಹಾಕಿಕೊಂಡು ಕೂತಿದ್ದರು. ಬೇರೆ ಕೇಸುಗಳು ಆದವು. ಎದೆಯ ಮೇಲಿನ ಬಿಲ್ಲೆ ಅಂಗಿಯ ಗುಂಡಿಗೆ ಬಡಿದು ಟಿಕ್ ಟಿಕ್ ಎನ್ನತೊಡಗಿದಾಗ, ನಡುಗುತ್ತಿರುವುದು ಬಿಲ್ಲೆಯಲ್ಲ, ನಾನು ಎಂದು ಗೊತ್ತಾಯಿತು. ಅದನ್ನು ಕೈಯಿಂದ ಹಿಡಿದು ನಿಂತೆ. ನೋಡಿದವರಿಗೆ ಸಂವಿಧಾನಕ್ಕೆ ಪ್ರಮಾಣ ಮಾಡುತ್ತಿರುವಂತೆ ಕಂಡಿರಬೇಕು.

ಕ್ಲರ್ಕ್ ಆ ಕೇಸಿನ ಕಡತ ತೆಗೆದ. ವಾದಿಯ ವಕೀಲರಿಲ್ಲ. “ಕೂಗಿಸಿ,” ಎಂದರು ಸಾಹೇಬರು.

ನಾನು ಬೆನ್ನನ್ನು ಅಂಗಳಕ್ಕೆ ಕೊಟ್ಟೆ. ಮುಖ ಒಳಗೆ ಮಾಡಿ, ದೇವರ ಮುಂದೆ ಹೇಳುವಂತೆ ಮೆಲ್ಲಗೆ ಆ ಹೆಸರು ಹೇಳಿದೆ. ಒಂದಾಯಿತು. ಕ್ಲರ್ಕ್ ಪೆನ್ನಿನ ಮುಚ್ಚಳ ತೆಗೆದ. ಇನ್ನೂ ಎರಡು ಸಲ ಹೇಳಿದರೆ ನನ್ನ ಮಗಳು ಸುರಕ್ಷಿತವಾಗಿ ಸರ್ಕಲ್ಲಿನಲ್ಲಿ ಇಳಿಯುತ್ತಾಳೆ.

ಅಷ್ಟರಲ್ಲಿ ಆಕೆಯ ತಮ್ಮ ಕೈಗಡಿಯಾರ ನೋಡಿಕೊಂಡು, ಹಿರಿಯ ವಕೀಲರ ಕಿವಿಯಲ್ಲಿ ಏನೋ ಹೇಳಿದ. ಇಬ್ಬರೂ ನಕ್ಕರು. ನೋಂದಣಿ ಕಚೇರಿಯ ಊಟದ ಹೊತ್ತಿನ ಲೆಕ್ಕವಿರಬೇಕು. ಮುಂದೆ ನಾನು ಮಾಡಿದ್ದಕ್ಕೆ ಆ ನಗುವಿಗಿಂತ ದೊಡ್ಡ ಕಾರಣ ನನ್ನ ಹತ್ತಿರ ಇಲ್ಲ. ಸಿಟ್ಟು ಬಂತೆನ್ನಲೂ ಆಗದು. ಆ ನಗು ಕೇಳಿ ನನ್ನ ಬೆನ್ನು ತಾನಾಗಿ ತಿರುಗಿತು.

ಎರಡನೆಯ ಕೂಗನ್ನು ಬೇವಿನ ಗಿಡದ ಕಡೆಗೆ ಪೂರ್ತಿ ಗಂಟಲಿನಿಂದ ಕೊಟ್ಟೆ. ಗಿಡದ ಕಾಗೆಗಳು ಎದ್ದವು. ಟೈಪ್ ಮಾಡುವವರು ಕೈ ನಿಲ್ಲಿಸಿದರು. ಚಹದಂಗಡಿಯವನು ಹೊರಗೆ ಬಂದು ನೋಡಿದ. ಗಿಡದ ಕೆಳಗಿನವರೆಲ್ಲ ನನ್ನ ಕಡೆ ತಿರುಗಿದರು, ಆಕೆಯೂ ತಿರುಗಿದಳು. ತಿರುಗಿ, ಆ ಹೆಸರಿನವಳು ಯಾವಳಪ್ಪಾ ಎಂಬಂತೆ ಅಕ್ಕಪಕ್ಕದ ಹೆಂಗಸರ ಮುಖ ನೋಡಿದಳು.

ಅಂಥ ಹೆದರಿಕೆ ನನಗೆ ಅದಕ್ಕಿಂತ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ. ಕ್ಲರ್ಕನಿಗೆ, ವಕೀಲರಿಗೆ, ಮೋಟರ್ ಸೈಕಲ್ಲಿನವನಿಗೆ ನಾನು ಯಾರ ಕಡೆಯವನೆಂದು ಇಡೀ ತಾಲೂಕಿಗೆ ಕೇಳುವಂತೆ ಹೇಳಿಯಾಗಿತ್ತು. ಹೆಣ್ಣುಮಗಳು ಮಾತ್ರ ಎದ್ದಿರಲಿಲ್ಲ. ಒಳಗಿನಿಂದ ಕ್ಲರ್ಕ್ ಹಲ್ಲು ಕಚ್ಚಿ, “ಕಾಕಾ, ಸಾಕ್ರಿ, ಇನ್ನೊಂದು ಸಾವಕಾಶ ಕೂಗ್ರಿ,” ಎಂದ.

ಪಟ್ಟಿಯಲ್ಲಿದ್ದಷ್ಟೇ ಹೆಸರು, ಒಂದಕ್ಷರ ಹೆಚ್ಚಿಲ್ಲ. ನಾನು ಪಟ್ಟಿಯನ್ನು ಮಡಚಿ ಕಿಸೆಗೆ ಹಾಕಿದೆ. ಅಲ್ಲಿ ರಜೆ ಅರ್ಜಿ ಕೈಗೆ ತಾಗಿತು. ಮೂರನೆಯ ಕೂಗಿಗೆ ತಾಂಬಾದ ಹೆಸರನ್ನು ಕೂಗಿದೆ. ರಾಕ್ಷಸ ತೆರೆ ಸರಿಸಿ ಮೊದಲ ಸಲ ರಂಗಕ್ಕೆ ಬರುವಾಗಿನ ಕೂಗು ಅದು. “ಒಳಗ ಬಾರಬೇ!” ಎಂದೂ ಸೇರಿಸಿದೆ.

ಆಕೆ ಗಂಟು ಅಲ್ಲೇ ಬಿಟ್ಟು ಓಡಿಬಂದಳು. ಮೆಟ್ಟಿಲು ಹತ್ತಿ, ಬಿಸಿಲಿನಿಂದ ಒಳಗಿನ ಕತ್ತಲೆಗೆ ಕಣ್ಣು ಹೊಂದದೆ, ಹೊಸ್ತಿಲಿಗೆ ಕಾಲು ತಾಗಿಸಿಯೇಬಿಟ್ಟಳು.

“ಅಕ್ಕಾ, ಹೊಸ್ತಲಾ!”

ಆ ಧ್ವನಿ ಯಾರದೆಂದು ಮೊದಲು ಯಾರಿಗೂ ತಿಳಿಯಲಿಲ್ಲ. ಆಕೆ ಬಾಗಿಲ ಚೌಕಟ್ಟು ಹಿಡಿದು ನಿಂತುಕೊಂಡಳು.

“ಯಾರಮ್ಮ ನೀವು? ಹೆಸರೇನು?” ಎಂದರು ಸಾಹೇಬರು.

ಆಕೆ ತಾಂಬಾದ ಹೆಸರು ಹೇಳಿದಳು.

ಕ್ಲರ್ಕ್ ಎದ್ದು ನಿಂತ. “ಸರ್, ಈ ಹೆಸರಿನ ವಾದಿ ಪಟ್ಟಿಯಲ್ಲಿಲ್ಲ.”

ಆಕೆ ಗಾಬರಿಯಾಗಿ ತವರಿನ ಹೆಸರನ್ನೂ ಹೇಳಿದಳು. ಹಿರಿಯ ವಕೀಲರು ಸಾವಕಾಶವಾಗಿ ಎದ್ದರು. “ಸ್ವಾಮಿ, ಆ ಹೆಸರನ್ನು ದಲಾಯತರು ಈಗಷ್ಟೇ ದೂರದ ಝಳಕಿಯ ಹೆದ್ದಾರಿಗೂ ಕೇಳುವಂತೆ ಕೂಗಿದ್ದಾರೆ. ಇನ್ನು ಯಾರು ಬೇಕಾದರೂ ಬಂದು ಅದು ನನ್ನ ಹೆಸರು ಎನ್ನಬಹುದು. ಇವರ ವಕೀಲರಿಲ್ಲ, ಗುರುತಿಸುವವರಿಲ್ಲ. ವಾದಿ ಗೈರು ಎಂದು ದಾಖಲಿಸಬೇಕೆಂದು ಪ್ರಾರ್ಥನೆ.”

ಜನ ನಕ್ಕರು. ನನ್ನ ಕೂಗೇ ಆಕೆಯ ಕುತ್ತಿಗೆಗೆ ಬಂದಿತ್ತು. ಕ್ಲರ್ಕ್ ಬರೆಯಲು ಬಗ್ಗಿದ. ಸಾಹೇಬರು ಪೆನ್ನು ಎತ್ತಿದರು, ಎತ್ತಿ, ಕೆಳಗಿಟ್ಟರು.

“ಇವರು ಒಳಗೆ ಬರುವಾಗ ಯಾರೋ ಏನೋ ಅಂದರಲ್ಲ. ಯಾರದು?”

ಹಿಂದಿನ ಸಾಲಿನವರ ಕಣ್ಣೆಲ್ಲ ಒಂದೇ ಕಡೆ ಹೋದವು. ಬಿಳಿ ಅಂಗಿಯ ತಮ್ಮ ಎದ್ದು ನಿಂತ.

“ಏನಂದಿರಿ?”

“ಹೊಸ್ತಲಾ ಅಂದ್ನಿರಿ.”

“ಅದಕ್ಕೆ ಮೊದಲು?”

ಹಿರಿಯ ವಕೀಲರು, “ಸ್ವಾಮಿ, ಇದು…” ಎಂದು ಬಾಯಿ ತೆರೆದರು. ಸಾಹೇಬರು ಕೈ ಅಡ್ಡ ಮಾಡಿದರು.

“ಅಕ್ಕಾ ಅಂದ್ನಿರಿ,” ಎಂದ ತಮ್ಮ. ಅಷ್ಟು ದೊಡ್ಡ ಗುತ್ತಿಗೆದಾರ, ಶಾಲೆಯಲ್ಲಿ ಎಬ್ಬಿಸಿ ನಿಲ್ಲಿಸಿದ ಹುಡುಗನ ಹಾಗೆ ಕಂಡ.

“ಯಾರ ಅಕ್ಕ?”

ಅವನು ಹಿರಿಯ ವಕೀಲರ ಕಡೆ ನೋಡಿದ, ಆಮೇಲೆ ಹೊಸ್ತಿಲ ಕಡೆ. ನನ್ನ ಬಿಲ್ಲೆಯ ಸಪ್ಪಳ ನನಗೇ ಕೇಳುತ್ತಿತ್ತು.

“ನಮ್ಮಕ್ಕರಿ.”

ಸಾಹೇಬರು ಬರೆಸಿದರು: ವಾದಿ ಹಾಜರು. ಪ್ರತಿವಾದಿ ಗುರುತಿಸಿದ್ದಾರೆ. ವಾದಿಯ ವಕೀಲರು ಗೈರು, ಕಾಲಾವಕಾಶ ಕೊಡಲಾಗಿದೆ. ತಡೆಯಾಜ್ಞೆ ಮುಂದಿನ ತಾರೀಖಿನವರೆಗೆ ಮುಂದುವರಿದಿದೆ. ಬರೆಸುವಾಗ ಅವರ ಮುಖದಲ್ಲಿ ಖುಷಿಯೂ ಇರಲಿಲ್ಲ, ಬೇಸರವೂ ಇರಲಿಲ್ಲ. ಅವರಿಗೆ ಮೊದಲೇ ಗೊತ್ತಿತ್ತೋ, ಅಷ್ಟು ಜನ ಕೇಳಿದ ಮೇಲೆ ಬೇರೆ ದಾರಿ ಇರಲಿಲ್ಲವೋ, ಅಥವಾ ಅವರು ಬರೀ ನ್ಯಾಯವಾಗಿ ನಡೆದುಕೊಂಡರೋ, ಇಂದಿಗೂ ನನಗೆ ತಿಳಿದಿಲ್ಲ. ಮೂರನೆಯದೇ ಆಗಿದ್ದರೆ ಅವರ ಮೇಲೆ ಅನುಮಾನ ಪಟ್ಟಿದ್ದಕ್ಕೆ ಕ್ಷಮೆ ಕೇಳಬೇಕು. ಕೇಳಲು ಹೆದರಿಕೆ.

ವರಾಂಡದಲ್ಲಿ ಆಕೆಯ ತಮ್ಮ ತಲೆ ತಗ್ಗಿಸಿ ಬಿರಬಿರನೆ ದಾಟುತ್ತಿದ್ದ. ಆಕೆ ಹಿಂದಿನಿಂದ ಅಂದಳು: “ಹೊಸ್ತಲಾ ತೋರಿಸಿದಿ ತಮ್ಮಾ, ಭಾಳ ಛಲೋ ಆತು. ಹೊಲಾನೂ ತೋರಿಸಿಬಿಡ.”

ನನಗೆ ನೋಟೀಸು ಬಂತು. ಪಟ್ಟಿಯಲ್ಲಿಲ್ಲದ ಹೆಸರನ್ನು ಕೂಗಿದ್ದು, ಕಕ್ಷಿದಾರಳನ್ನು ‘ಬಾರಬೇ’ ಎಂದು ಸಂಬೋಧಿಸಿ ನ್ಯಾಯಾಲಯದ ಘನತೆಗೆ ಕುಂದು ತಂದದ್ದು: ಎರಡು ಆರೋಪ. ಎರಡೂ ನಿಜ. ಮೊದಲನೆಯ ಕೂಗನ್ನು ಒಳಗೆ ಕೂಗಿದ್ದಕ್ಕೆ ಮಾತ್ರ ಯಾರೂ ನೋಟೀಸು ಕೊಡಲಿಲ್ಲ, ಅದು ನಿಯಮಬದ್ಧವಾಗಿತ್ತು. ವಿಚಾರಣೆ ಮುಗಿಯುವವರೆಗೆ ನನ್ನನ್ನು ಇದೇ ನಾಲ್ಕು ಊರುಗಳಲ್ಲಿ ಇನ್ನೊಂದಕ್ಕೆ ಕಳಿಸಿ, ಮತ್ತೆ ರೆಕಾರ್ಡ್ ರೂಮಿನ ಧೂಳಿಗೆ ಒಪ್ಪಿಸಿದ್ದಾರೆ. ಮನೆ ಹಳೆಯ ಊರಲ್ಲೇ ಇದೆ, ಮಗಳು ಈಗ ತಾಯಿಯ ಜೊತೆಗೇ ಹೋಗಿ ಬರುತ್ತಾಳೆ. ಮೋಟರ್ ಸೈಕಲ್ಲಿನವನು ಒಂದೆರಡು ಸಲ ಸರ್ಕಲ್ಲಿನಲ್ಲಿ ಕಂಡಿದ್ದಾನೆ. ಏನೂ ಮಾಡುವುದಿಲ್ಲ. “ಮಾವಾರ ಆರಾಮ ಅದಾರೇನ್ರಿ ಅತ್ತೀ?” ಎಂದು ನನ್ನ ಹೆಂಡತಿಯನ್ನು ಕೇಳುತ್ತಾನೆ. ಆಕೆ ಮನೆಗೆ ಬಂದು ಹೇಳಿದ ದಿನ ನನಗೆ ಊಟ ಸೇರುವುದಿಲ್ಲ.

ಮುಂದಿನ ತಾರೀಖಿಗೆ ಆ ಹೆಣ್ಣುಮಗಳು ಬೇರೆ ವಕೀಲರನ್ನು ಹಿಡಿದು ಬಂದಿದ್ದಳಂತೆ. ಗಿಡದ ಕೆಳಗೆ ಹೋಗಲೇ ಇಲ್ಲವಂತೆ. ಬಾಗಿಲು ತೆರೆದಾಗಿನಿಂದ ಚೌಕಟ್ಟು ಹಿಡಿದು ಹೊಸ್ತಿಲ ಹತ್ತಿರವೇ ನಿಂತಿದ್ದಳು. ಹೊಸ ದಲಾಯತ ಸರಿಯಬೇ ಎಂದರೆ, “ನನಗ ಹೆಸರು ಎರಡ ಅದಾವ ತಮ್ಮಾ. ನೀ ಯಾವದು ಕೂಗ್ತೀಯೋ, ಯಾವ ಕಡೆ ಕೂಗ್ತೀಯೋ. ನಾ ಇಲ್ಲೇ ನಿಂದರ್ತೀನಿ,” ಎಂದಳಂತೆ. ಹಳೆಯ ಟೈಪಿಸ್ಟ್ ಫೋನಿನಲ್ಲಿ ಹೇಳಿ ನಕ್ಕರು. ಹೊಲ ಇನ್ನೂ ಮಾರಾಟವಾಗಿಲ್ಲ.

ಹೋದ ತಿಂಗಳು ನನ್ನ ವಿಚಾರಣೆಗೆ ಮೇಲಿನ ಕಚೇರಿಯಿಂದ ಕರೆ ಬಂತು. ಹೊರಗೆ ಬೆಂಚುಗಳಿದ್ದವು, ಫ್ಯಾನು ಇತ್ತು, ಕೂಡ್ರಿ ಎಂದು ಒಬ್ಬರು ಪ್ರೀತಿಯಿಂದ ಹೇಳಿದರು. ನಾನು ಕೂಡಲಿಲ್ಲ. ಬಾಗಿಲ ಚೌಕಟ್ಟಿಗೆ ಕೈ ಇಟ್ಟುಕೊಂಡು ನಿಂತೆ. ಮಧ್ಯಾಹ್ನದ ಹೊತ್ತಿಗೆ ಅಲ್ಲಿಯ ಜವಾನ ಚೀಟಿ ಹಿಡಿದು ಬಂದ, ನನ್ನ ಕಡೆ ಒಮ್ಮೆ ನೋಡಿದ, ಬೆನ್ನನ್ನು ವರಾಂಡಕ್ಕೆ ಕೊಟ್ಟು ಮುಖವನ್ನು ಒಳಗೆ ತಿರುಗಿಸಿದ. ನಿಜವಾಗಿ ಅದೇ ಉದ್ದೇಶವಿತ್ತೋ, ಅವನ ಕುತ್ತಿಗೆಯೇ ಆ ಕಡೆ ತಿರುಗುವಂಥದ್ದೋ, ದೇವರಿಗೆ ಗೊತ್ತು. ಅವನ ಬಾಯಿಂದ ನನ್ನ ಹೆಸರಿನ ಅರ್ಧ ಹೊರಬೀಳುವಷ್ಟರಲ್ಲಿ, ಅವನ ಕಿವಿಯ ಹಿಂದೆಯೇ ನಿಂತು, “ಹಾಜರ್ರೀ!” ಎಂದೆ.

ಚೀಟಿ ಅವನ ಕೈಯಿಂದ ಕೆಳಗೆ ಬಿತ್ತು.